ಅಕ್ಕೋರ ಬದಲಿಗೆ ಶರಣಮ್ಮ

ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆಂದು ಪುಣೆಗೆ ಬಂದ ಶರಣಮ್ಮ ಈಗ ಅಲ್ಲಿನ ಖಡಕಿಯ ಫಿಲೋಮಿನಾ ಟೀಚರ ಮನೆಯಲ್ಲಿ ಅಡುಗೆಯವಳು. ಬೆಳಗಾವಿಯವರಾದ ಟೀಚರು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರಕ್ಕೊಂದರಂತೆ ಪುಣೆಯ ಹಳೆಯ ಚರ್ಚುಗಳಿಗೆ ಹೋಗಿಬರುತ್ತಿದ್ದರು. ಈ ವರ್ಷ ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲಾಗಲಿಲ್ಲ.

"ನಿಮ್ಮ ಹರಕಿ ನಾ ತೀರಸ್ತೀನ್ರಿ, ಅಕ್ಕೋರ" ಎಂದು ಶರಣಮ್ಮನೇ ಹೊರಟಳು. ಉಪವಾಸವಿದ್ದು, ಚಪ್ಪಲಿ ಬಾಗಿಲಾಚೆ ಬಿಟ್ಟು, ಮೇಣದಬತ್ತಿ ಹಚ್ಚಿ ಬಂದು, ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಇದು ಹರಕೆಯಲ್ಲ, ಪ್ರಾರ್ಥನೆ ಎಂದು ಟೀಚರು ತಿದ್ದಿ ತಿದ್ದಿ ಸೋತರು.

ಒಂದು ಶುಕ್ರವಾರ ಟೀಚರು ಕೇಳಿದರು: "ನನ್ನ ಮೊಣಕಾಲಿನ ಸಲುವಾಗಿ ಬೇಡ್ಕೊಂಡಿಯೇನ?"

"ಇಲ್ರಿ. ಯಾವ ಚರ್ಚಿಗೆ ಹೋದ್ರೂ ಅವನ ಕಾಲಿಗೇ ಮೊಳಿ ಜಡದಾರ. ಅಂಥಾವ್ನ ಮುಂದ ನಿಮ್ಮ ಕಾಲಿನ ಸುದ್ದಿ ಹೆಂಗ ತಗೀಲ್ರಿ?"