ಎರಡು ಕಾಣುವ ಕಣ್ಣು, ಒಂದು ಹ್ಯಾಂಡಲ್

ಮೂವತ್ತರ ದಶಕದಲ್ಲಿ ನಾನು ಶಿರಸಿ–ಯಲ್ಲಾಪುರ ದಾರಿಯಲ್ಲಿ ಸಾಹುಕಾರರೊಬ್ಬರ ಬಾಡಿಗೆ ಮೋಟಾರು ಓಡಿಸುತ್ತಿದ್ದೆ. ಒಮ್ಮೆ ನೆಗಡಿ ಹಿಡಿದದ್ದು ತಿಂಗಳಾದರೂ ಬಿಡಲಿಲ್ಲ. ಬಲಗಣ್ಣಿನ ಹಿಂದೆ ಮೊಳೆ ಹೊಡೆದ ಹಾಗೆ ನೋವು, ಮೂಗಿನಲ್ಲಿ ಗಬ್ಬು ನಾರುವ ಕೀವು. ಹೆಂಡತಿ ಅರಿಶಿನದ ಕೊಂಬು ಸುಟ್ಟು ಹೊಗೆ ಕೊಟ್ಟಳು. ಕೆಮ್ಮು ಬಂತು, ಅಷ್ಟೇ. ಆಮೇಲೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತು.

"ಡಾಕ್ಟರಿಗೆ ತೋರ್ಸಿ, ನಿಮ್ಮ ಕಾಲಿಗೆ ಬೀಳ್ತೆ," ಅಂದಳು.

"ಬಾಯಿ ಮುಚ್ಚು! ಸಾಹುಕಾರರ ಕಿವಿಗೆ ಬಿದ್ರೆ ನಾಳೆಯಿಂದ ನಂಗೆ ಕೆಲ್ಸ ಇಲ್ಲ."

ನಾನೇ ಒಂದು ಉಪಾಯ ಹುಡುಕಿದ್ದೆ. ಎರಡರಲ್ಲಿ ಬಲಗಡೆ ಕಂಡದ್ದು ನಿಜ, ಎಡಗಡೆಯದು ಸುಳ್ಳು. ಎಂಟು ದಿನ ಹಾಗೇ ಓಡಿಸಿದೆ, ಭಂಡ ಧೈರ್ಯ ನೋಡಿ!

ಒಂಬತ್ತನೆಯ ದಿನ ಒಂದು ತಿರುವಿನಲ್ಲಿ ಎತ್ತಿನ ಗಾಡಿಯೊಂದು ಎರಡಾಗಿ ಎದುರಾಯಿತು. ಎಡಗಡೆಯ ಸುಳ್ಳು ಗಾಡಿಯ ಮೇಲೆ ಮೋಟಾರು ಬಿಟ್ಟೆ. ಅದೇ ನಿಜದ್ದಾಗಿತ್ತು. ನೊಗ ಮುರಿಯಿತು, ಒಂದು ಎತ್ತು ಕಾಲು ಮುರಿದು ಬಿದ್ದು ಒರಲಿತು.

ಸೋಂದಾ ಕಡೆಯ ಗಾಡಿಯವನು ನನ್ನನ್ನು ಹೊರಗೆಳೆದು ಬಾಯಿ ಮೂಸಿದ.

"ಥೂ, ಹಲ್ಕಟ್! ಎಂತಾ ಕುಡ್ದಿದ್ಯೋ? ನಾರ್ತದೆ!"

"ಮೂಗಿನ ಕೀವು ಮಾರಾಯಾ," ಅನ್ನುವಷ್ಟರಲ್ಲಿ ಬಾರುಕೋಲು ಮುಖಕ್ಕೆ ಬಿತ್ತು. ಬೆನ್ನಿಗೆ ಒದ್ದ. ಮೂಗಿಗೆ ಗುದ್ದಿದ. ಕೀವು, ರಕ್ತ ಎರಡೂ ಅಂಗಿಯ ಮೇಲೆ ಹರಿದವು. ತಪ್ಪು ನನ್ನದೇ ಎಂದು ಗೊತ್ತಿತ್ತು, ಆದರೂ ಸಿಟ್ಟು ನೆತ್ತಿಗೇರಿತು. ಮೋಟಾರು ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಕೈಗೆ ಸಿಕ್ಕಿತು. ಬೀಸಿದೆ. ಅವನು ಕಣ್ಣು ಹಿಡಿದುಕೊಂಡು ಎತ್ತಿನ ಪಕ್ಕದಲ್ಲೇ ಕುಸಿದ.

ಶಿರಸಿಯ ಡಾಕ್ಟರರು ಮೂಗಿನೊಳಗೆ ದಪ್ಪ ಸೂಜಿ ಚುಚ್ಚಿ ಬಟ್ಟಲು ತುಂಬ ಕೀವು ತೆಗೆದರು. ನಾಲ್ಕು ಜನ ನನ್ನನ್ನು ಅದುಮಿ ಹಿಡಿದಿದ್ದರು. "ಮೂಗಿನ ಪಕ್ಕದ ಎಲುಬಿನ ಪೊಳ್ಳಿನಲ್ಲಿ ತುಂಬಿದ ಕೀವು ಕಣ್ಣನ್ನು ಪಕ್ಕಕ್ಕೆ ತಳ್ಳಿತ್ತು. ಮೊದಲೇ ಬಂದಿದ್ರೆ ಎಂತಾ ಆಗ್ತಿತ್ತೋ ನಿಂಗೆ?" ಎಂದು ಬೈದರು. ವಾರದಲ್ಲಿ ನನಗೆ ಎಲ್ಲವೂ ಸರಿಯಾಗಿ ಕಂಡಿತು. ಗಾಡಿಯವನ ಎಡಗಣ್ಣು ಹೋಯಿತು.

ಅವನ ಹೆಂಡತಿ ಬಂದು ಯಾಕೆ ಹೊಡೆದೆ ಎಂದು ಕೇಳಿದಾಗ, "ನಂಗೆ ಎರಡೆರಡು ಮುಖ ಕಾಣ್ತಿತ್ತು ತಾಯಿ, ಹೆದರಿಸಲಿಕ್ಕೆ ಸುಳ್ಳು ಮುಖಕ್ಕೆ ಬೀಸಿದ್ದೆ, ಅದು ನಿಜದ್ದಾಗಿತ್ತು," ಅಂದೆ. ಅವಳು ನಂಬಿ, ಕಣ್ಣೊರೆಸಿಕೊಂಡು ಹೋದಳು.

ಆ ಹೊತ್ತು ನಾನು ನಿಜ ಯಾವುದು, ಸುಳ್ಳು ಯಾವುದು ಎಂದು ನೋಡಿರಲೇ ಇಲ್ಲ. ಎರಡೂ ಮುಖಗಳಿಗೆ ಸೇರಿಸಿಯೇ ಬೀಸಿದ್ದೆ.