ನನ್ನ ಹೆಸರಿನ ಕಾರು, ಗುರುಗುಟ್ಟುವ ಫ್ಯಾನು

ಈ ಮನೆಯಲ್ಲಿ ನನ್ನ ಹೆಸರಿನಲ್ಲಿರುವುದು ಒಂದೇ ವಸ್ತು. ಮನೆ ಯಜಮಾನರ ಹೆಸರಿನಲ್ಲಿತ್ತು, ಅವರ ನಂತರ ಮಗಳ ಹೆಸರಿಗಾಯಿತು. ನಾನೇ ಸಹಿ ಹಾಕಿಕೊಟ್ಟೆ. ಹೊಲ ಮೈದುನರ ಜಂಟಿ. ಗ್ಯಾಸಿನ ಪುಸ್ತಕ ಅಳಿಯನದು. ಆದರೆ ಕಾರಿನ ಆರ್.ಸಿ. ಬುಕ್ಕಿನಲ್ಲಿ ಓನರ್ ಎಂಬಲ್ಲಿ ನನ್ನ ಪೂರ್ತಿ ಹೆಸರು, ತವರಿನ ಇನಿಶಿಯಲ್ ಸಹಿತ, ಟೈಪ್‌ರೈಟರಿನ ನೀಲಿ ಅಕ್ಷರಗಳಲ್ಲಿದೆ. ಆಗಾಗ ತೆಗೆದು ಓದುತ್ತೇನೆ. ಸಿಲ್ಲಿ ಅಂತ ಗೊತ್ತು, ಆದರೂ ಓದುತ್ತೇನೆ.

ಆ ಕಾರಿನಲ್ಲಿ ನಾನು ಜಮಖಂಡಿಯಿಂದ ಬನಹಟ್ಟಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೋಗಿಬರುತ್ತಿದ್ದೆ. ಸೀರೆ ಉಟ್ಟು ಸ್ಟಿಯರಿಂಗ್ ಹಿಡಿದ ಹೆಂಗಸನ್ನು ನೋಡಲು ರಬಕವಿಯ ನೇಕಾರರು ಮಗ್ಗ ನಿಲ್ಲಿಸಿ ಬಾಗಿಲಿಗೆ ಬರುತ್ತಿದ್ದ ಕಾಲ ಅದು. ರಿಟೈರ್ ಆದ ಮೇಲೆ ಕಾರು ಹಿತ್ತಲಿನ ಶೆಡ್ಡು ಸೇರಿತು. ಹಿಂದಿನ ಸೀಟಿನಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿತು. ಎಪ್ಪತ್ತೆರಡು ತುಂಬಿದ ವರ್ಷ ನಾನು ಅದನ್ನು ಮತ್ತೆ ರೋಡಿಗೆ ತರುತ್ತೇನೆಂದು ಹೊರಟಾಗ ಮನೆಯವರು ನಕ್ಕು, ಅದಕ್ಕೆ 'ಅವ್ವನ ಪ್ರಾಜೆಕ್ಟ್' ಎಂದು ಹೆಸರಿಟ್ಟರು.

ಬ್ರೇಕು, ವಾಯರಿಂಗು, ಸೀಟಿನ ರೆಕ್ಸಿನ್ ಎಲ್ಲ ಒಂದೊಂದಾಗಿ ಆದವು. ಉಳಿದದ್ದು ಫ್ಯಾನು. ಎಂಜಿನ್ ಕಾಯಿಸಿದ ನೀರನ್ನು ಮುಂದಿನ ರೇಡಿಯೇಟರ್ ತಣಿಸುತ್ತದೆ. ಆ ಜಾಲರಿಯ ಮೂಲಕ ಗಾಳಿ ಹಾಯಿಸುವುದು ಹಿಂದಿರುವ ಫ್ಯಾನಿನ ಕೆಲಸ. ಬೆಲ್ಟಿನಿಂದ ತಿರುಗುತ್ತಿದ್ದ ಹಳೆಯ ಫ್ಯಾನಿನ ರೆಕ್ಕೆ ಮುರಿದಿತ್ತು, ಅಂಥದ್ದು ಈಗ ಎಲ್ಲಿಯೂ ಸಿಗುವುದಿಲ್ಲ. ಅದಕ್ಕೆ ಬನಹಟ್ಟಿಯ ಫಿಟ್ಟರ್ ಬೇರೊಂದು ಕಾರಿನ ಇಲೆಕ್ಟ್ರಿಕ್ ಫ್ಯಾನ್ ತಂದು ಕೂಡಿಸಿದ. ಎಂಜಿನ್ ಬಿಸಿಯಾದರೆ ಅದು ತಾನಾಗಿಯೇ ಸುರುವಾಗುತ್ತದೆ. ಕೈಯಿಂದ ಹಾಕಲು ಸ್ಟಿಯರಿಂಗಿನ ಪಕ್ಕದಲ್ಲಿ ಒಂದು ಸ್ವಿಚ್ಚೂ ಇದೆ. ಫಿಟ್ಟರ್ ಮೂಲತಃ ಪವರ್‌ಲೂಮ್ ರಿಪೇರಿಯವನು. ಐವತ್ತು ದಾಟಿದ್ದಾನೆ, ನನ್ನ ಹಳೆಯ ವಿದ್ಯಾರ್ಥಿ.

ಫ್ಯಾನ್ ಹಾಕಿದ ದಿನದಿಂದ ಸದ್ದು ಶುರುವಾಯಿತು. ನಿಂತಾಗ ಗುರ್ರ್ ಎನ್ನುವುದು, ಓಡುವಾಗ ಊಳಿಡುವುದು. ಒಂದು ಮಧ್ಯಾಹ್ನ ಮಗಳನ್ನು ಕೂಡಿಸಿಕೊಂಡು ರಬಕವಿಯಿಂದ ಬರುವಾಗ ಸೂಜಿ ಕೆಂಪಿಗೆ ಹೋಗಿ, ಬಾನೆಟ್ಟಿನಿಂದ ಹಬೆ ಎದ್ದಿತು. ಮಗಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಇಸ್ತ್ರಿಯ ಸೀರೆಯಲ್ಲಿ ಬೇಲಿಯ ಪಕ್ಕ ಒಂದು ತಾಸು ನಿಂತಳು. ಅವಳ ಕೌಂಟರಿಗೆ ಬರುವ ಗಿರಾಕಿಗಳೇ ಬೈಕ್ ನಿಲ್ಲಿಸಿ, "ಏನ್ರಿ ಮೇಡಮ್ಮಾರ, ಬಿಸಲ ಕಾಯಸಾಕತ್ತೀರೇನು?" ಎಂದು ಕೇಳಿ ಹೋದರು.

ಮನೆಗೆ ಬಂದು ಅವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ಅವ್ವಾ, ಸಾಕು. ಮುಧೋಳ ರೋಡಿನ ಧಾಬಾದವ್ರು ಕೇಳಾಕತ್ತಾರ. ಬಾಗಲ ಮುಂದ ಶೋಕ್ಕ ನಿಲ್ಲಸ್ತಾರಂತ. ಬಾನೆಟ್ ತಗದು ಅದ್ರಾಗ ಹೂವಿನ ಗಿಡಾ ಹಚ್ತಾರಂತ."

"ನನ್ನ ಕಾರಿನ್ಯಾಗ ಚೆಂಡಹೂ ಬೆಳಿತಾರಂತೇನು?" ಎಂದೆ. ಜೋಕ್ ಆಗಲಿಲ್ಲ.

"ನಾ ಖರೇನ ಹೇಳಾಕತ್ತೇನಿ. ಬರೋ ರವಿವಾರ ಬರ್ತಾರ. ಅಷ್ಟರಾಗ ಮುಧೋಳ, ಬೀಳಗಿ, ಹಂಗ ಜಮಖಂಡಿ, ಒಂದ ಸುತ್ತು ಕುದೀಲಾರ್ದ ಹೊಡದು ತೋರ್ಸು. ನಾನೂ ಕುಂಡ್ರತೇನಿ. ಇಟ್ಕೊ ಆಮ್ಯಾಲ. ಇಲ್ಲಂದ್ರ ಸಹಿ ಹಾಕು."

ಎಂಟು ದಿನ. ಆಯಿತು ಎಂದೆ.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಫಿಸಿಕ್ಸ್ ಕಲಿಸುತ್ತಿದ್ದ ಸಿಸ್ಟರ್ ಲ್ಯಾಬಿನಲ್ಲಿ ಒಂದೇ ಮಾತು ಹೇಳುತ್ತಿದ್ದರು: ಒನ್ ಥಿಂಗ್ ಅಟ್ ಎ ಟೈಮ್, ಗರ್ಲ್ಸ್. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಮೊಮ್ಮಗಳು ಅರ್ಧ ಬರೆದು ಬಿಟ್ಟಿದ್ದ ಒಂದು ನೋಟ್‌ಬುಕ್ ತೆಗೆದುಕೊಂಡು, ಪುಟಕ್ಕೆ ನಾಲ್ಕು ಗೆರೆ ಹೊಡೆದೆ. ಏನು ಬದಲಿಸಿದೆ, ನಿಂತಾಗಿನ ಸದ್ದು, ಓಡುವಾಗಿನ ಸದ್ದು, ಸೂಜಿ ಎಲ್ಲಿ ನಿಂತಿತು.

ಸೋಮವಾರ ಬೆಳಿಗ್ಗೆ ಬನಹಟ್ಟಿಗೆ ಹೋದೆ, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ, ಆರಿಸಿ. ಫಿಟ್ಟರನ ವರ್ಕ್‌ಶಾಪ್ ಒಂದು ಮಗ್ಗದ ಶೆಡ್ಡಿನ ತುದಿಯಲ್ಲಿದೆ. ಒಳಗೆ ಇಪ್ಪತ್ತು ಮಗ್ಗಗಳ ಖಟಪಟ. ಅಲ್ಲಿ ಪ್ರೀತಿಯನ್ನೂ ಚೀರಿಯೇ ಹೇಳಬೇಕು.

"ಟೀಚರ್!" ಎಂದು ಚೀರಿದ ಅವನು. "ಅವಾಗ ನನ್ನ ಇಂಗ್ಲಿಷ್‌ನಾಗ ಫೇಲ್ ಮಾಡಿದ್ರಿ. ಈಗ ನನ್ನ ಫ್ಯಾನ್ ಫೇಲ್ ಮಾಡಾಕ ಬಂದೀರೇನ್ರಿ?"

"ನಿನ್ನ ಸ್ಪೆಲ್ಲಿಂಗ್ ಹಂಗಿತ್ತಪಾ, ನಾ ಏನ್ ಮಾಡ್ಲಿ? ಮೊದಲ ಇದರ ಸದ್ದು ಕೇಳು."

ಅವನು ಸ್ಕ್ರೂಡ್ರೈವರಿನ ತುದಿಯನ್ನು ಫ್ಯಾನಿನ ಮೋಟರಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚಿದ. ಮಗ್ಗದವರು ಹೀಗೆಯೇ ಕೇಳುವುದು. ಇಪ್ಪತ್ತು ಮಗ್ಗಗಳ ನಡುವೆ ಒಂದರ ಬೇರಿಂಗ್ ಸವೆದದ್ದು ಅವನಿಗೆ ಹೀಗೆ ಗೊತ್ತಾಗುತ್ತದೆ. ಕಣ್ಣು ತೆರೆದು, "ಎಲ್ಲಾ ಒಮ್ಮಿಗೇ ಬದಲ್ ಮಾಡಿಬಿಡೂಣ್ರಿ. ಬೇರಿಂಗ್, ರಬ್ಬರ್, ಬ್ರಾಕೆಟ್. ಮುಗೀತು," ಎಂದ.

"ನೋ. ಒಂದ ಮಾಡು. ಓಡಿಸಿ ನೋಡೂಣು. ಆಮ್ಯಾಲ ಇನ್ನೊಂದು."

"ಹಂಗಾದ್ರ ಮೂರ ದಿನಾ ಹಿಡಿತೈತ್ರಿ."

"ಹಿಡೀಲಿ. ನನಗೇನ್ ಟ್ರೇನ್ ಹಿಡಿಯೂದೈತಿ?"

ಫ್ಯಾನ್ ಬಿಚ್ಚಿದಾಗ ಇಬ್ಬರೂ ಒಟ್ಟಿಗೆ "ಹೋ" ಎಂದೆವು. ಮೋಟರಿನ ತಿರುಗುಕಡ್ಡಿಗೆ ನೂಲು ಸುತ್ತಿಕೊಂಡಿತ್ತು. ಕೆಂಪು, ಹಸಿರು, ಅರಿಸಿನ ಬಣ್ಣದ ಎಳೆಗಳು, ಸೀರೆಯ ಮಗ್ಗಗಳಿಂದ ಹಾರಿಬಂದವು. ಆ ಊರಿನಲ್ಲಿ ತಿರುಗುವ ಯಾವುದಕ್ಕೂ ನೂಲು ಸುತ್ತಿಕೊಳ್ಳದೆ ಬಿಡುವುದಿಲ್ಲ. ಬ್ಲೇಡಿನಿಂದ ಕತ್ತರಿಸಿ ತೆಗೆದ. ಸದ್ದಿನ ಕಾರಣ ಸಿಕ್ಕಿಬಿಟ್ಟಿತು ಎಂದುಕೊಂಡೆ. ಅವನ ಹೆಂಡತಿ ಚಹಾ ತಂದುಕೊಟ್ಟಳು, ನಾವು ಸೆಲೆಬ್ರೇಟ್ ಮಾಡಿದೆವು. ರಬಕವಿಯ ತನಕ ಓಡಿಸಿದೆ. ಸದ್ದು ಒಂದು ಚೂರು ಕಡಿಮೆಯಾಗಿತ್ತು. ಸೂಜಿ ಮಾತ್ರ ಮೊದಲಿನ ಹಾಗೆಯೇ ಮೇಲೆ ಹೋಯಿತು.

ಮಂಗಳವಾರ ರಬ್ಬರ್ ಬುಷ್. ಏನೂ ಬದಲಾಗಲಿಲ್ಲ. ಬುಧವಾರ ಬೇರಿಂಗ್. ಏನೂ ಬದಲಾಗಲಿಲ್ಲ. ಗುರುವಾರ ರೆಕ್ಕೆಗಳನ್ನು ಒಂದೊಂದಾಗಿ ಎಣ್ಣೆ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಹೆಚ್ಚಿದ್ದನ್ನು ಅರದಿಂದ ಉಜ್ಜಿ ಸಮ ಮಾಡಿದ. ಎಣ್ಣೆ ಅಂಗಡಿಯವನು, "ಬಾಯಾರ, ಫ್ಯಾನಿನ ಎಣ್ಣಿ ತಗಸ್ತೀರೇನು?" ಎಂದ. ನಡುಕ ಕಡಿಮೆಯಾಯಿತು, ಊಳು ನಿಲ್ಲಲಿಲ್ಲ. ಆ ಸಂಜೆ ಮನೆಗೆ ಬರುವಾಗ ಮೂರು ಸಲ ನಿಲ್ಲಿಸಬೇಕಾಯಿತು. ಮಗಳು ಬಾಗಿಲಲ್ಲಿ ನಿಂತು ಬಾನೆಟ್ಟನ್ನು ನೋಡಿದಳು. ಒಳಗೆ ಹೋದಳು. ಅವಳು ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಶುಕ್ರವಾರ ನಾನು ಬನಹಟ್ಟಿಗೆ ಹೋಗಲಿಲ್ಲ. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ನೋಟ್‌ಬುಕ್ ಹಿಡಿದು ಕಾರಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತೆ. ಧಾಬಾದ ಹೂಗಿಡಗಳನ್ನು ನೆನೆದು ಸ್ವಲ್ಪ ಅತ್ತೆ ಕೂಡ. ಆಮೇಲೆ ಕಣ್ಣೊರೆಸಿಕೊಂಡು ನನ್ನದೇ ಅಕ್ಷರಗಳನ್ನು ಮೊದಲಿನಿಂದ ಓದಿದೆ, ಹಳೆಯ ಉತ್ತರಪತ್ರಿಕೆ ತಿದ್ದುವ ಹಾಗೆ.

ಪ್ರತಿ ಸಾಲಿನಲ್ಲೂ ಒಂದೇ ವಿಚಿತ್ರ. ನಿಂತಾಗ ಸೂಜಿ ಮೆಲ್ಲಗೆ ಏರುತ್ತಿತ್ತು. ಓಡುವಾಗ ಬೇಗ ಏರುತ್ತಿತ್ತು. ನಾನು ಇಷ್ಟು ವರ್ಷ ಕಾರು ಓಡಿಸಿದ್ದೇನೆ; ಯಾವ ಕಾರಾದರೂ ನಿಂತಲ್ಲಿ ಕಾಯುತ್ತದೆ, ಓಡಿದರೆ ಎದುರುಗಾಳಿಗೆ ತಣಿಯುತ್ತದೆ. ನನ್ನದು ಉಲ್ಟಾ. ಸದ್ದೂ ಅಷ್ಟೇ, ವೇಗ ಹೆಚ್ಚಿದಷ್ಟೂ ಊಳು ಹೆಚ್ಚು. ಅಂದರೆ ಎದುರುಗಾಳಿ ಬಂದಾಗ ಅಲ್ಲಿ ಏನೋ ಜಟಾಪಟಿ ನಡೆಯುತ್ತಿದೆ.

ಎದ್ದು ಎಂಜಿನ್ ಚಾಲು ಮಾಡಿ, ಅದು ಕಾದ ಮೇಲೆ ಸ್ವಿಚ್ ಹಾಕಿದೆ. ಫ್ಯಾನ್ ಗುರುಗುಟ್ಟಿತು. ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು, ಮುಂದಿನ ಜಾಲರಿಯ ಎದುರು ಹಿಡಿದೆ. ಎಳೆ ನನ್ನ ಕಡೆಗೆ ಹಾರಿತು. ಗಾಳಿ ಮುಖಕ್ಕೆ ಬಡಿಯಿತು, ಬಿಸಿಬಿಸಿಯಾಗಿ.

ಆ ಗಾಳಿ ನನಗೆ ಹೊಸದಲ್ಲ. ಫ್ಯಾನ್ ಹಾಕಿದ ದಿನ ಫಿಟ್ಟರ್ ನನ್ನನ್ನು ಕಾರಿನ ಮುಂದೆ ನಿಲ್ಲಿಸಿ ಸ್ವಿಚ್ ಹಾಕಿದ್ದ. ಸೆರಗು ಪಟಪಟ ಹಾರಿತ್ತು. "ಏನ್ ಗಾಳೀರಿ ಟೀಚರ್! ಶೆಡ್ಡಿನ ಫ್ಯಾನೂ ಇಷ್ಟ ಕೊಡೂದಿಲ್ಲ," ಎಂದು ಅವನು ಹೆಮ್ಮೆಪಟ್ಟಾಗ ಚಪ್ಪಾಳೆ ತಟ್ಟಿದವಳು ನಾನೇ. ಆಮೇಲೆ ಬಂದ ನೆಂಟರನ್ನೆಲ್ಲ ಅಲ್ಲಿಯೇ ನಿಲ್ಲಿಸಿ ಗಾಳಿ ತೋರಿಸಿದ್ದೆ. ಕಾನ್ವೆಂಟಿನಲ್ಲಿ ಫಿಸಿಕ್ಸ್ ಓದಿದ ಮಹಾತಾಯಿ!

ನೋಟ್‌ಬುಕ್ಕಿನಲ್ಲಿ ಕಾರಿನ ಚಿತ್ರ ಬರೆದು ಎರಡು ಬಾಣ ಹಾಕಿದೆ. ಓಡುವ ಕಾರಿನ ಗಾಳಿ ಮುಂದಿನಿಂದ ಒಳಗೆ ಬರುತ್ತದೆ. ಫ್ಯಾನ್ ಒಳಗಿನ ಬಿಸಿ ಗಾಳಿಯನ್ನು ಹೊರಗೆ ದಬ್ಬುತ್ತಿದೆ. ಎರಡೂ ರೇಡಿಯೇಟರಿನ ಜಾಲರಿಯಲ್ಲಿ ಹಣೆಗೆ ಹಣೆ ಕೊಟ್ಟು ನಿಂತಿವೆ. ಈ ಫ್ಯಾನ್ ಗಾಳಿ ಕೊಡುವುದಲ್ಲ, ಎಳೆದುಕೊಳ್ಳಬೇಕು.

ಫಿಟ್ಟರನಿಗೆ ಫೋನ್ ಮಾಡಿದೆ. ಹಿಂದೆ ಮಗ್ಗಗಳ ಸದ್ದು.

"ಫ್ಯಾನ್ ಹಚ್ಚಿದ ದಿನ, ಮೊದಲನೇ ಸಲ ಸ್ವಿಚ್ ಹಾಕಿದಾಗ ಗಾಳಿ ಯಾ ಕಡೆ ಹೊಂಟಿತ್ತು? ನೆನಪ ಮಾಡ್ಕೊಂಡ ಹೇಳು."

"ಒಳಗ ಎಳ್ಕೊಳ್ಳಾಕತ್ತಿತ್ರಿ," ಎಂದ ಅವನು ಯೋಚಿಸದೆ. "ಉಲ್ಟಾ ತಿರಗಾಕತ್ತೈತಿ ಅಂತ ನಾನ ಎರಡು ವಾಯರ್ ಅದಲಬದಲ ಮಾಡಿ ಸೀದಾ ಮಾಡ್ದೆ. ಯಾಕ್ರಿ?"

ಬನಹಟ್ಟಿಯಲ್ಲಿ ಕರೆಂಟಿನ ಲೈನ್ ರಿಪೇರಿಯಾದ ಮರುದಿನ ಮಗ್ಗದ ಮೋಟರುಗಳು ಒಮ್ಮೊಮ್ಮೆ ಹಿಂದುಮುಂದಾಗಿ ತಿರುಗುತ್ತವೆ. ಅಲ್ಲಿನ ಫಿಟ್ಟರುಗಳು ಎರಡು ವಾಯರ್ ಅದಲುಬದಲು ಮಾಡಿ ಮುಂದಿನ ಮನೆಗೆ ಹೋಗುತ್ತಾರೆ. ಆ ಕೆಲಸ ಅವರ ಬೆರಳುಗಳಿಗೇ ಗೊತ್ತು, ತಲೆ ಬೇಕಾಗಿಲ್ಲ. ಮೇಲಾಗಿ ಆ ಬೇಗೆಯ ಶೆಡ್ಡಿನಲ್ಲಿ ಬೆಳೆದವನಿಗೆ ಫ್ಯಾನ್ ಎಂದರೆ ಮುಖಕ್ಕೆ ಗಾಳಿ ಕೊಡುವ ವಸ್ತು. ಕೊಡದಿದ್ದರೆ ಅದು ಕೆಟ್ಟಿದೆ ಎಂದೇ ಅರ್ಥ.

"ಅದು ಮೊದಲ ಸೀದಾನ ಇತ್ತು," ಎಂದೆ. "ನೀ ಉಲ್ಟಾ ಮಾಡಿದಿ, ನಾ ಚಪ್ಪಾಳಿ ಹೊಡದೆ."

ಮಗ್ಗಗಳ ಖಟಪಟದ ನಡುವೆಯೂ ಅವನು ದನಿ ತಗ್ಗಿಸಿದ. "ಟೀಚರ್, ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನಾನ ಬರ್ತೇನಿ," ಎಂದ.

ಮಧ್ಯಾಹ್ನವೇ ಬಂದ. ಎರಡು ವಾಯರ್ ಬಿಚ್ಚಿ, ಇದರದ್ದು ಅದಕ್ಕೆ, ಅದರದ್ದು ಇದಕ್ಕೆ. ಹತ್ತು ನಿಮಿಷವೂ ಆಗಲಿಲ್ಲ. ಸ್ವಿಚ್ ಹಾಕಿದಾಗ ಗುರುಗುಟ್ಟುವಿಕೆ ಇರಲಿಲ್ಲ. ಬಾಗಿದ ರೆಕ್ಕೆಗಳು ತಮ್ಮ ದಿಕ್ಕಿಗೆ ತಿರುಗಿ, ಉಸಿರಾಡಿದಂಥ ಸದ್ದು ಬಂತು. ಬ್ರಾಕೆಟ್ಟಿನ ಕಡೆ ಒಂದು ಸಣ್ಣ ಟಿಕ್ ಟಿಕ್ ಇತ್ತು. ಅದನ್ನು ಅವನು ಬಿಗಿಮಾಡಿದ, ಪೂರ್ತಿ ಹೋಗಲಿಲ್ಲ, ಈಗಲೂ ಇದೆ.

ಶನಿವಾರ ಊಟವಾದ ಮೇಲೆ ಮಗಳು ಬಂದು ಪಕ್ಕದಲ್ಲಿ ಕುಳಿತಳು. ಕೈಯಲ್ಲಿ ಎರಡು ಬಾಟ್ಲಿ ನೀರು. ಒಂದು ತನಗೆ, ಒಂದು ರೇಡಿಯೇಟರಿಗೆ.

ಮುಧೋಳದ ಹಾದಿಯಲ್ಲಿ ಸೂಜಿ ನಡುಮಧ್ಯೆ ನಿಂತಿತು. ಊಳಿಲ್ಲ. ಮಗಳು ಕಿಟಕಿಯ ಗಾಜು ಏರಿಸಿ, ಇಳಿಸಿ, ಕಿವಿಯಿಟ್ಟು ಕೇಳಿದಳು. ಮುಧೋಳ ಇನ್ನೇನು ಬಂತು ಎನ್ನುವಾಗ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಸಿಕ್ಕಿತು. ಮುಂದೊಂದರ ಟ್ರೇಲರ್ ರೋಡಿಗೆ ಅಡ್ಡ ನಿಂತಿತ್ತು. ಹಿಂದೆ ಹೋಗಲು ಜಾಗವಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ತಲೆಯ ಮೇಲೆ ಕೆಂಡದಂಥ ಬಿಸಿಲು, ಎಂಜಿನ್ ಚಾಲು. ಬಂದ್ ಮಾಡಿದ್ದರೆ ಪರೀಕ್ಷೆ ಎಂಥದ್ದು? ಮಾಡಲಿಲ್ಲ.

ಸೂಜಿ ಏರತೊಡಗಿತು. ಅರ್ಧ ದಾಟಿತು. ಮುಕ್ಕಾಲು. ಫ್ಯಾನಿನ ಸದ್ದಿಲ್ಲ.

"ಅವ್ವಾ, ಫ್ಯಾನ್ ಸುರು ಆಗಿಲ್ಲ," ಎಂದಳು ಮಗಳು.

"ಆಗಿರಬೇಕು. ಟ್ರ್ಯಾಕ್ಟರ್ ಗದ್ದಲಾ ಕೇಳಗೊಡವಲ್ದು," ಎಂದೆ. ನನಗೂ ಖಾತ್ರಿಯಿರಲಿಲ್ಲ. ಕೈ ಸ್ವಿಚ್ಚಿನ ಕಡೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ತಾನಾಗಿ ಸುರುವಾಗಬೇಕು. "ಇಳದು ನೋಡು."

ಅವಳು ಇಳಿದು ಕಾರಿನ ಮುಂದೆ ಹೋದಳು. ಬಗ್ಗಿ ಕಿವಿಯಿಟ್ಟಳು, ಕೇಳಿಸುತ್ತಿಲ್ಲ ಎಂದು ತಲೆಯಲ್ಲಾಡಿಸಿದಳು. ಆಮೇಲೆ ಸೆರಗಿನ ತುದಿ ಹಿಡಿದು ಜಾಲರಿಯ ಎದುರು ಒಡ್ಡಿದಳು. ಸೆರಗು ಸರಕ್ಕನೆ ಒಳಕ್ಕೆ ಹಾರಿ ಜಾಲರಿಗೆ ಅಂಟಿಕೊಂಡಿತು. ಅವಳು ಗಾಬರಿಯಾಗಿ ಕಿತ್ತುಕೊಂಡು, ನಕ್ಕು, ಮತ್ತೆ ಒಡ್ಡಿದಳು.

"ಎಳ್ಕೊಳ್ಳಾಕತ್ತೈತಿ!" ಎಂದು ಕೂಗಿದಳು, ಟ್ರ್ಯಾಕ್ಟರಿನವರೆಲ್ಲ ತಿರುಗಿ ನೋಡುವ ಹಾಗೆ.

ಟ್ರೇಲರ್ ಮೇಲೆ ಕುಳಿತಿದ್ದ ಹೆಂಗಸೊಬ್ಬಳು, "ನಿನ್ನೂ ಎಳ್ಕೊಂಡೀತಬೇ, ಹುಷಾರಿ!" ಎಂದಳು.

ಸೂಜಿ ಅಲ್ಲಿಯೇ ನಿಂತಿತು. ಸ್ವಲ್ಪ ಹೊತ್ತಿಗೆ ಒಂದು ಕೂದಲಿನಷ್ಟು ಇಳಿಯಿತು. ಮತ್ತೆ ಇಳಿಯಿತು. ನಾನು ಅಷ್ಟು ಹೊತ್ತು ಬಿಗಿಹಿಡಿದಿದ್ದ ಸ್ಟಿಯರಿಂಗನ್ನು ಆಗ ಬಿಟ್ಟೆ, ಬೆರಳುಗಳು ನೋಯುತ್ತಿದ್ದವು.

ದಾರಿ ತೆರವಾಗುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಬೀಳಗಿ ಮುಟ್ಟಿದಾಗ ಚಹಾದಂಗಡಿಯ ಪಕ್ಕ ನಿಲ್ಲಿಸಲು ಹೇಳಿ ಮಗಳು ಕೆಳಗಿಳಿದಳು, ಫೋನ್ ತೆಗೆದಳು. ಕಿಟಕಿ ತೆರೆದಿತ್ತು, ಕೇಳಿಸುತ್ತಿತ್ತು.

"ನಾಳೆ ಬರಬ್ಯಾಡ್ರಿ... ಇಲ್ರಿ, ಹೂವಿಂದ ಏನಿಲ್ಲ, ಹೂ ಛಲೋನ... ಅಲ್ರೀ, ಓಡಾಕತ್ತೈತಿ, ಅದಕ್ಕ... ಹೂನ್ರಿ, ನಮ್ಮ ಅವ್ವನ ಓಡಸ್ತಾಳ. ಎಪ್ಪತ್ತೆರಡು... ನೀವ ಬ್ಯಾರೆ ನೋಡ್ಕೋರಿ."

ಬಂದು ಕುಳಿತು ಬಾಗಿಲು ಹಾಕಿಕೊಂಡಳು. ಒಮ್ಮೆಗೆ ಹಾಕಿಕೊಳ್ಳಲಿಲ್ಲ, ಆ ಬಾಗಿಲನ್ನು ಎರಡು ಸಲ ಜಗ್ಗಬೇಕು. ನಾನು ಏನಾದರೂ ಹೇಳುತ್ತೇನೆಂದು ಕಾದಳೋ ಏನೋ. ಕನ್ನಡಿಯಲ್ಲಿ ಹಿಂದೆ ನೋಡಿ, ಗೇರ್ ಹಾಕಿ, ಕಾರನ್ನು ಜಮಖಂಡಿಯ ರೋಡಿಗೆ ತಿರುಗಿಸಿದೆ.