ವಾಚು ಹಿಡಿದಿದ್ದ ಪಿ.ಟಿ. ಮಾಸ್ತರರು

ಕತಾರಿನ ದೋಹಾದಲ್ಲಿದ್ದ ನಮ್ಮ ಶಾಲೆಯ ಪಿ.ಟಿ. ಮಾಸ್ತರರ ಮುಖ ನೆನಪಿಲ್ಲ. ವರ್ಣಿಸಿದರೆ ಅದು ನನ್ನ ಕಟ್ಟುಕತೆ. ಮಾತು ಮಾತ್ರ ನೆನಪಿದೆ. ಶಾಲೆಯ ಮರಳಂಗಳದಲ್ಲಿ ಸ್ಟಾಪ್‌ವಾಚ್ ಹಿಡಿದು, “ವಾಚಿಗೆ ಯಾರ ಅಪ್ಪ ಯಾರೂಂತ ಗೊತ್ತಿಲ್ಲ, ಓಡು ಮಾರಾಯ್ತಿ” ಎನ್ನುತ್ತಿದ್ದರು, ದಿನಾ.

ತೊಂಬತ್ತರ ದಶಕದ ಒಂದು ವರ್ಷ, ಭಾರತೀಯ ಶಾಲೆಗಳ ಒಕ್ಕೂಟದ ಕ್ರೀಡಾಕೂಟ. ನೂರು ಮೀಟರ್ ಓಟಕ್ಕೆ ಸಮಯ ಹಿಡಿದವರು ಅವರೊಬ್ಬರೇ. ನಾನೇ ಮೊದಲು ಗೆರೆ ಮುಟ್ಟಿದೆ. ಒಕ್ಕೂಟದ ಕಾರ್ಯದರ್ಶಿ, ನನ್ನ ಹಿಂದೆ ಬಂದ ತನ್ನ ಮಗಳನ್ನು ಪ್ರಥಮ ಎಂದು ಬರೆಸಿದ.

“ಸರ್, ವಾಚ್ ತೋರಿಸಿ” ಎಂದೆ.

ಮಾಸ್ತರರು ನನ್ನೆದುರೇ ಗುಂಡಿಯೊತ್ತಿ ಸಮಯ ಅಳಿಸಿದರು. “ಖಲಾಸ್. ಇನ್ನೆಂಥ ಉಂಟು ತೋರಿಸ್ಲಿಕ್ಕೆ?”

“ಪಾಪ, ಅವರ ಕೆಲಸ, ವೀಸಾ ಎಲ್ಲ ಆ ಸೆಕ್ರೆಟರಿ ಕೈಯಲ್ಲುಂಟು” ಎಂದಳು ಅಮ್ಮ, ಮನೆಗೆ ಬಂದು ಹೇಳಿದಾಗ.

ಇರಲಿ. ಪದಕ ಯಾರಿಗಾದರೂ ಹೋಗಲಿ. ನಾನು ಎಷ್ಟು ಸೆಕೆಂಡಿನಲ್ಲಿ ಓಡಿದೆನೆಂದು ನನ್ನ ಕಿವಿಯಲ್ಲಾದರೂ ಹೇಳಬಹುದಿತ್ತು. ಹೇಳಲಿಲ್ಲ.